ಸ್ಪರ್ಧೆಯ ಸ್ಥಾನ ಚಿತ್ರಕಥೆಯನ್ನು ಓದಿಸುತ್ತದೆಯೇ? ನಿಕೋಲ್, ಆಸ್ಟಿನ್, ಬ್ಲ್ಯಾಕ್ ಲಿಸ್ಟ್ ಮತ್ತು ಉಳಿದವು

ಇಂಗ್ಲಿಷಿನಲ್ಲಿ ಚಿತ್ರಕಥೆ ಬರೆದು ಅಮೆರಿಕದ ಮ್ಯಾನೇಜರುಗಳಿಗೆ (ಬರಹಗಾರರ ಪರವಾಗಿ ಕೆಲಸ ಹುಡುಕುವವರಿಗೆ), ನಿರ್ಮಾಪಕರಿಗೆ ಕಳಿಸುವವರಲ್ಲಿ ಬಹಳಷ್ಟು ಮಂದಿ ಪತ್ರದ ತುಂಬ ಸ್ಪರ್ಧೆಗಳ ಹೆಸರು ಬರೆಯುತ್ತಾರೆ. ಕ್ವಾರ್ಟರ್ ಫೈನಲ್ ನಾಲ್ಕು, ಸೆಮಿಫೈನಲ್ ಎರಡು, ಎಲ್ಲೋ ಒಂದು 'ಅಧಿಕೃತ ಆಯ್ಕೆ'. ಇಷ್ಟೆಲ್ಲ ಇದ್ದರೂ ಉತ್ತರ ಬರುವುದಿಲ್ಲ. ಒಂದೊಂದು ಸ್ಥಾನಕ್ಕೂ ಒಂದೊಂದು ತೂಕ. ಪತ್ರದಲ್ಲಿ ಬಳಸಿ ನೋಡಿದಾಗ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂಬ ಹೋಲಿಕೆ ಇಲ್ಲಿದೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಒಳ್ಳೆಯ ಸ್ಥಾನ ನಿಮ್ಮ ಕಥೆಯ ಮೊದಲ ಹತ್ತು ಪುಟ ಓದಿಸುತ್ತದೆ. ಹನ್ನೊಂದನೇ ಪುಟ ಓದಿಸುವುದು ಕಥೆಯೇ.

ಎಲ್ಲಕ್ಕಿಂತ ಭಾರವಾದದ್ದು ನಿಕೋಲ್ ಫೆಲೋಶಿಪ್. ಆಸ್ಕರ್ ಕೊಡುವ ಅಕಾಡೆಮಿಯೇ 1986ರಿಂದ ನಡೆಸುತ್ತಿರುವ ಸ್ಪರ್ಧೆ ಇದು; ಗೆದ್ದವರಿಗೆ ತಲಾ 35,000 ಡಾಲರ್. ಬರುವ ಸಾವಿರಾರು ಚಿತ್ರಕಥೆಗಳಲ್ಲಿ ಕ್ವಾರ್ಟರ್ ಫೈನಲ್ ಮುಟ್ಟುತ್ತಿದ್ದುದು ನೂರಕ್ಕೆ ಸುಮಾರು ಐದು, ಸೆಮಿಫೈನಲ್ ಮುಟ್ಟುತ್ತಿದ್ದುದು ಸುಮಾರು ಎರಡು. ಈ ಲೆಕ್ಕ ಮ್ಯಾನೇಜರುಗಳಿಗೆ ಗೊತ್ತು. ಹಾಗಾಗಿ 'ನಿಕೋಲ್ ಸೆಮಿಫೈನಲ್' ಎಂಬ ಎರಡೇ ಪದಕ್ಕೆ ವಿವರಣೆ ಬೇಡ, ಕ್ವಾರ್ಟರ್ ಫೈನಲ್ ಕೂಡ ಬರೆಯಲು ಯೋಗ್ಯ. ಮೈಕ್ ರಿಚ್ 1998ರಲ್ಲಿ ಗೆದ್ದ ಚಿತ್ರಕಥೆ 2000ದಲ್ಲಿ 'ಫೈಂಡಿಂಗ್ ಫಾರೆಸ್ಟರ್' ಆಗಿ ತೆರೆಗೆ ಬಂತು. ಆದರೆ ಅದನ್ನೇ ಮಾದರಿ ಎಂದುಕೊಳ್ಳಬೇಡಿ. ಗೆದ್ದ ಕಥೆಗಳಲ್ಲಿ ಹೆಚ್ಚಿನವು ಸಿನಿಮಾ ಆಗಿಲ್ಲ. ಬರೆದವರಿಗೆ ಬೇರೆ ಕೆಲಸ ಸಿಕ್ಕಿದ್ದೇ ಹೆಚ್ಚು. ಇನ್ನೊಂದು ಬದಲಾವಣೆ ಗಮನಿಸಿ: 2025ರಿಂದ ಅಕಾಡೆಮಿಗೆ ನೇರವಾಗಿ ಕಳಿಸುವಂತಿಲ್ಲ. ಬ್ಲ್ಯಾಕ್ ಲಿಸ್ಟ್ ಜಾಲತಾಣದ ಮೂಲಕ (ಅದರ ವಿವರ ಮುಂದಿದೆ), ಇಲ್ಲವೇ ಸಹಭಾಗಿ ವಿಶ್ವವಿದ್ಯಾಲಯ ಅಥವಾ ಲ್ಯಾಬ್, ಅಂದರೆ ಬರಹಗಾರರ ಕಾರ್ಯಾಗಾರದ ಮೂಲಕವೇ ಹೋಗಬೇಕು.

ಆಸ್ಟಿನ್ ಚಲನಚಿತ್ರೋತ್ಸವದ ಸ್ಪರ್ಧೆಯದು ಬೇರೆಯೇ ಬಗೆ. ಕಾಗದದ ಮೇಲೆ ಅದರ 'ಸೆಕೆಂಡ್ ರೌಂಡ್' ಹಗುರ: ಬಂದದ್ದರಲ್ಲಿ ಸುಮಾರು ಐದನೇ ಒಂದು ಭಾಗ ಅಲ್ಲಿಗೆ ತಲುಪುತ್ತದೆ. ಇದನ್ನು ಪತ್ರದಲ್ಲಿ ಬರೆದರೆ ತೊಂದರೆಯಿಲ್ಲ, ದೊಡ್ಡ ಲಾಭವೂ ಇಲ್ಲ. ಲಾಭ ಸಿಗುವುದು ಅಕ್ಟೋಬರಿನಲ್ಲಿ ಉತ್ಸವಕ್ಕೆಂದು ಟೆಕ್ಸಾಸಿಗೆ ಹೋದರೆ ಮಾತ್ರ. ಎರಡನೇ ಸುತ್ತು ತಲುಪಿದವರಿಗೆ ಉತ್ಸವದ ಬ್ಯಾಡ್ಜ್ ಕಡಿಮೆ ಬೆಲೆಗೆ ಸಿಗುತ್ತದೆ, ಅವರಿಗೆಂದೇ ಮೀಸಲಾದ ಗೋಷ್ಠಿಗಳಿರುತ್ತವೆ, ಕೆಲಸದಲ್ಲಿರುವ ಬರಹಗಾರರು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ವಿಮಾನ, ವಸತಿ ಸೇರಿಸಿದರೆ ಬೆಂಗಳೂರಿನಿಂದ ಹೋಗುವವರಿಗೆ ಅದು ಭಾರೀ ಖರ್ಚು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗಾದರೆ ನಾವು ನಿಕೋಲ್‌ಗಿಂತ ಮೊದಲು ಸೂಚಿಸುವುದು ಇದನ್ನೇ. ಓದಿದವರ ಟಿಪ್ಪಣಿ ಪ್ರತಿಯೊಬ್ಬರಿಗೂ ಬರುತ್ತದೆ ಎಂಬುದೂ ಅದರ ಪರವಾದ ಮಾತು.

ಬ್ಲ್ಯಾಕ್ ಲಿಸ್ಟ್ ವಿಷಯದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಆ ಹೆಸರಿನಲ್ಲಿ ಎರಡು ಸಂಗತಿಗಳಿವೆ. ಒಂದು, ಫ್ರಾಂಕ್ಲಿನ್ ಲಿಯೊನಾರ್ಡ್ 2005ರಲ್ಲಿ ಶುರುಮಾಡಿದ ವಾರ್ಷಿಕ ಪಟ್ಟಿ. ಸ್ಟುಡಿಯೊ ಮತ್ತು ನಿರ್ಮಾಣ ಕಂಪನಿಗಳ ಅಧಿಕಾರಿಗಳು ಆ ವರ್ಷ ತಾವು ಮೆಚ್ಚಿದ, ಇನ್ನೂ ಸಿನಿಮಾ ಆಗದ ಚಿತ್ರಕಥೆಗಳಿಗೆ ಮತ ಹಾಕುತ್ತಾರೆ. ಅದಕ್ಕೆ ಯಾರೂ ಅರ್ಜಿ ಹಾಕುವಂತಿಲ್ಲ. ಇನ್ನೊಂದು, 2012ರಲ್ಲಿ ಬಂದ ತಾಣ. ಅಲ್ಲಿ ತಿಂಗಳಿಗೆ 30 ಡಾಲರ್ ಕೊಟ್ಟು ಚಿತ್ರಕಥೆ ಇಡಬಹುದು, 100 ಡಾಲರ್ ಕೊಟ್ಟರೆ ಒಬ್ಬರು ಓದಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ತಾಣದಲ್ಲಿ 8 ಬಂದ ಖುಷಿಯಲ್ಲಿ 'ನನ್ನ ಕಥೆ ಬ್ಲ್ಯಾಕ್ ಲಿಸ್ಟ್‌ನಲ್ಲಿದೆ' ಎಂದು ಬರೆದರೆ ಓದುವವರು ಅದನ್ನು ವಾರ್ಷಿಕ ಪಟ್ಟಿ ಎಂದುಕೊಳ್ಳುತ್ತಾರೆ, ಹುಡುಕುತ್ತಾರೆ, ಸಿಗುವುದಿಲ್ಲ. ಅಲ್ಲಿಗೆ ನಂಬಿಕೆ ಹೋಯಿತು. 'ಬ್ಲ್ಯಾಕ್ ಲಿಸ್ಟ್ ತಾಣದಲ್ಲಿ 8 ಅಂಕ' ಎಂದು ನೇರವಾಗಿ ಬರೆಯಿರಿ.

ಅಂಕದ ಕೆಲಸವೂ ಸ್ಪರ್ಧೆಯ ಸ್ಥಾನದಂತಲ್ಲ. ಅದು ಬೇಗ ಬರುತ್ತದೆ, ಬೇಗ ಹಳತಾಗುತ್ತದೆ. ಒಬ್ಬ ಓದುಗರು 8 ಕೊಟ್ಟ ಕಥೆಗೆ ಮುಂದಿನವರು 5 ಕೊಡುವುದು ಸಾಮಾನ್ಯ. ಆದ್ದರಿಂದ ಎರಡು ತಿಂಗಳು, ಎರಡು ಮೌಲ್ಯಮಾಪನ, ಒಟ್ಟು 260 ಡಾಲರ್ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಎರಡೂ 6ರ ಆಸುಪಾಸಿನಲ್ಲಿದ್ದರೆ ಮೂರನೆಯದಕ್ಕೆ ದುಡ್ಡು ಸುರಿಯದೆ ಕಥೆಯನ್ನು ಮತ್ತೆ ತಿದ್ದಿ.

ಪೇಜ್ ಎಂಬ ಚಿತ್ರಕಥಾ ಸ್ಪರ್ಧೆಯ ಪ್ರಶಸ್ತಿಗೆ 2003ರಿಂದ ಹೆಸರಿದೆ. ಫೈನಲ್‌ಗೆ ಬಂದರೆ, ಅಥವಾ ಹಾರರ್, ಥ್ರಿಲ್ಲರಿನಂಥ ವಿಭಾಗದಲ್ಲಿ ಬಹುಮಾನ ಬಂದರೆ ಬರೆಯಿರಿ. ಕೆಳಗಿನ ಸುತ್ತು ಬೇಡ. ಉಳಿದ ನೂರಾರು ಸಣ್ಣ ಆನ್‌ಲೈನ್ ಸ್ಪರ್ಧೆಗಳಲ್ಲಿ ಗೆದ್ದರೂ ಪತ್ರಕ್ಕೆ ತೂಕ ಬರುವುದಿಲ್ಲ, ಕೆಲವೊಮ್ಮೆ ಇದ್ದ ತೂಕವೂ ಇಳಿಯುತ್ತದೆ. ಪ್ರತಿ ತಿಂಗಳೂ ವಿಜೇತರನ್ನು ಘೋಷಿಸುವ, ಪ್ರವೇಶ ಶುಲ್ಕವೇ ಆದಾಯವಾಗಿರುವ ಸ್ಪರ್ಧೆಗಳನ್ನು ಓದುವವರು ಗುರುತಿಸುತ್ತಾರೆ.

ಪತ್ರದಲ್ಲಿ ಸ್ಥಾನ ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಇಮೇಲಿನ ವಿಷಯದ ಸಾಲಿನಲ್ಲಿ ಹೆಸರು, ಪ್ರಕಾರ, ಒಂದೇ ಒಂದು ಸ್ಥಾನ. ಒಳಗೆ ಮೊದಲು 25ರಿಂದ 30 ಪದಗಳ ಲಾಗ್‌ಲೈನ್, ಅಂದರೆ ಕಥೆಯ ಸಾರ. ಆಮೇಲೆ ಸ್ಥಾನ, ವರ್ಷದ ಸಮೇತ, ಹೆಚ್ಚೆಂದರೆ ಎರಡು. ಆಮೇಲೆ ನಿಮ್ಮ ಬಗ್ಗೆ ಒಂದು ಸಾಲು, ಕಥೆ ಕಳಿಸಲೇ ಎಂಬ ಪ್ರಶ್ನೆ. ಕೇಳದೆ ಚಿತ್ರಕಥೆ ಲಗತ್ತಿಸಬೇಡಿ: ಮುಂದೆ ಯಾರಾದರೂ ಕಥೆ ಕದ್ದರೆಂದು ದಾವೆ ಹೂಡಿಯಾರೆಂಬ ಭಯಕ್ಕೆ ಅನೇಕ ಕಂಪನಿಗಳು ಅಂಥ ಪತ್ರವನ್ನು ಓದದೆ ಅಳಿಸುತ್ತವೆ. ಬೇರೆ ಚಿತ್ರಕಥೆಗೆ ಬಂದ ಸ್ಥಾನವನ್ನು ಈ ಕಥೆಯದೆಂಬಂತೆ ಬರೆಯಬೇಡಿ. ಎರಡು ವರ್ಷ ದಾಟಿದ ಸ್ಥಾನ ತೆಗೆದುಬಿಡಿ, ಏಕೆಂದರೆ ಇಷ್ಟು ದಿನ ಯಾಕೆ ಯಾರೂ ಕೊಳ್ಳಲಿಲ್ಲ ಎಂಬ ಪ್ರಶ್ನೆಯನ್ನು ಅದೇ ಎಬ್ಬಿಸುತ್ತದೆ. ಫಲಿತಾಂಶ ಬಂದ ವಾರವೇ ಪತ್ರ ಹೋಗಬೇಕು. ಎರಡನೇ ಚಿತ್ರಕಥೆಯೂ ಸಿದ್ಧವಿರಲಿ. ಇಷ್ಟವಾದ ಮ್ಯಾನೇಜರ್ ಮೊದಲು ಕೇಳುವುದೇ 'ಇನ್ನೇನು ಬರೆದಿದ್ದೀರಿ' ಎಂದು. ಅದಕ್ಕೆ ಉತ್ತರವಿಲ್ಲದೆ ಕೈತಪ್ಪಿದ ಅವಕಾಶಗಳು ಬಹಳ.

ಭಾರತದಲ್ಲೇ ಸಿನಿಮಾ ಮಾಡುವ ಕಥೆಯಾದರೆ ಈ ಇಂಗ್ಲಿಷ್ ಸ್ಪರ್ಧೆಗಳಿಗಿಂತ ಎನ್ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ) ಸ್ಕ್ರೀನ್‌ರೈಟರ್ಸ್ ಲ್ಯಾಬ್ ಮೇಲು. ಆಯ್ಕೆಯಾಗುವುದು ಬೆರಳೆಣಿಕೆಯ ಕಥೆಗಳು; ಮಾರ್ಗದರ್ಶಕರ ಜೊತೆ ತಿದ್ದುತ್ತಾರೆ, ನವೆಂಬರಿನಲ್ಲಿ ಗೋವಾದ ಫಿಲ್ಮ್ ಬಜಾರಿನಲ್ಲಿ ನಿರ್ಮಾಪಕರ ಮುಂದೆ ನಿಲ್ಲಿಸುತ್ತಾರೆ. 'ದಿ ಲಂಚ್‌ಬಾಕ್ಸ್' ಆ ಲ್ಯಾಬಿನಲ್ಲಿ ಹದಗೊಂಡದ್ದು.

ಗಾಂಧಿನಗರದಲ್ಲಿ ಇದ್ಯಾವುದೂ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಕಥೆ ಓದುವುದಕ್ಕಿಂತ ಕೇಳುವುದೇ ರೂಢಿ, ನಿಕೋಲ್ ಎಂದರೆ ಏನೆಂದು ಮೊದಲು ವಿವರಿಸಬೇಕಾಗುತ್ತದೆ. ಸ್ಥಾನದ ಮಾತು ಒಂದು ವಾಕ್ಯದಲ್ಲಿ ಮುಗಿಸಿ, ಒನ್‌ಲೈನ್ ಹೇಳಿ, ಇಪ್ಪತ್ತು ನಿಮಿಷದ ನರೇಶನ್ನಿಗೆ ತಯಾರಾಗಿ ಹೋಗಿ. ಹೋಗುವ ಮುನ್ನ ಕಾಪಿರೈಟ್ ಕಚೇರಿಯಲ್ಲಿ ಫಾರಂ 14 ತುಂಬಿ, 500 ರೂಪಾಯಿ ಕಟ್ಟಿ ನೋಂದಣಿಗೆ ಹಾಕಿ. ಆಕ್ಷೇಪಣೆಗೆಂದೇ ಅಲ್ಲಿ 30 ದಿನ ಕಾಯಬೇಕಾಗುತ್ತದೆ, ಆದ್ದರಿಂದ ಭೇಟಿ ಗೊತ್ತಾದ ಮೇಲೆ ಓಡಾಡುವುದಕ್ಕಿಂತ ಕೊನೆಯ ಪ್ರತಿ ಸಿದ್ಧವಾದ ದಿನವೇ ಅರ್ಜಿ ಸಲ್ಲಿಸಿರಿ.