ಲಾರಿ ಟಾಪಿನ ಪಾರ್ಕಿಂಗ್ ಎಸಿ, ಎರಡು ಬೇಸಿಗೆಯ ನಂತರ: ದೋಷ ಪೆಟ್ಟಿಗೆಯಲ್ಲಿಲ್ಲ, ವೈರಿನಲ್ಲಿದೆ

ಲಾರಿ ಡ್ರೈವರಿಗೆ ಬಿಸಿಲು ಹೊಡೆಯೋದು ರೋಡಲ್ಲಲ್ಲ, ಗೋಡೌನ್ ಗೇಟಿನ ಮುಂದೆ. ಓಡುವಾಗ ಕಿಟಕಿಯಿಂದ ಬಿಸಿಗಾಳಿಯಾದರೂ ಬರುತ್ತೆ. ಕ್ಯೂನಲ್ಲಿ ನಿಂತರೆ ಅದೂ ಇಲ್ಲ. ಸೀಟಿನ ಕೆಳಗೆ ಆಗ ತಾನೇ ಆಫ್ ಮಾಡಿದ ಎಂಜಿನ್, ತಲೆ ಮೇಲೆ ಕಾದ ತಗಡು, ಎದುರಿಗೆ ಅಷ್ಟಗಲದ ಗಾಜು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಗೋಡೌನಿಗೆ ಅಂಥ ಬೇಸಿಗೆ ವೇಳೆ ಯಾರೂ ಮಾಡಿಲ್ಲ. ಹನ್ನೆರಡಕ್ಕೆ ಮುಟ್ಟಿದ ಗಾಡಿಗೆ ಮೂರಕ್ಕೆ ಗೇಟ್ ತೆರೆದರೆ ಪುಣ್ಯ.

2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಎನ್2, ಎನ್3 ವರ್ಗದ ಗಾಡಿಗಳಿಗೆ, ಅಂದರೆ ಒಟ್ಟು ತೂಕ 3.5 ಟನ್ ದಾಟುವ ಸರಕು ಗಾಡಿಗಳಿಗೆಲ್ಲ, ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೇದೇ ಆಯ್ತು. ಆದರೆ ಕಂಪನಿ ಎಸಿಯ ಕಂಪ್ರೆಸರ್ ತಿರುಗೋದು ಎಂಜಿನ್ ಬೆಲ್ಟಿನಿಂದ. ಎಂಜಿನ್ ಆಫ್ ಆದರೆ ತಂಪೂ ಆಫ್. ಆನ್ ಇಟ್ಟುಕೊಂಡು ಕೂತರೆ ದೊಡ್ಡ ಗಾಡಿ ಗಂಟೆಗೆ ಎರಡು ಲೀಟರ್ ಆಸುಪಾಸು ಡೀಸೆಲ್ ಕುಡಿಯುತ್ತೆ, ಮಾಲೀಕರು ಫೋನ್ ಮೇಲೆ ಫೋನ್ ಮಾಡ್ತಾರೆ. ಅದಕ್ಕಿಂತ ಕೆಟ್ಟದ್ದು ಗಾಜು ಏರಿಸಿ, ಎಂಜಿನ್ ಓಡಿಸಿಕೊಂಡು ಮಲಗೋದು. ಸೈಲೆನ್ಸರ್ ಪೈಪು ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳದೇ ಹೋಗಬಹುದು. ಎಂಜಿನ್ ಇಲ್ಲದೆ ಗಾಡಿಯ ಬ್ಯಾಟರಿಯಿಂದಲೇ ಓಡುವ ಪಾರ್ಕಿಂಗ್ ಎಸಿಗೆ ದುಡ್ಡು ಹಾಕಿದ್ದು ಇದಕ್ಕೇ.

ಗಾಡಿ 24 ವೋಲ್ಟಿನ ಹತ್ತು ಚಕ್ರದ್ದು, ಹಳೇ ಮಾಡೆಲ್. 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) ಎರಡು ಬ್ಯಾಟರಿ. ಕೆಲಸ ಬೆಂಗಳೂರಿನಿಂದ ಚಿತ್ರದುರ್ಗ, ಹೊಸಪೇಟೆ, ವಿಜಯಪುರ, ಕಲಬುರಗಿ ಗೋಡೌನುಗಳಿಗೆ ಕಿರಾಣಿ ಸಾಮಾನು ಮುಟ್ಟಿಸೋದು. ಎಸಿ ಟಾಪ್ ಮೇಲೆ ಕೂರುವ ಒಂಟಿ ಪೆಟ್ಟಿಗೆ. ಎಷ್ಟು ಬಿಟಿಯು (ತಂಪಿನ ಅಳತೆ), ಎಷ್ಟು ಸದ್ದು ಅನ್ನೋದು ಡಬ್ಬದ ಮೇಲೇ ಇರುತ್ತೆ, ಬಿಡಿ. ಬ್ರಾಕೆಟ್, ಕೂಲಿ ಎಲ್ಲ ಸೇರಿ ಲಕ್ಷದೊಳಗೆ ಮುಗಿಯಿತು.

ಮೊದಲ ಬೇಸಿಗೆಯಲ್ಲಿ ಬರೆದಿದ್ದರೆ ಐದಕ್ಕೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ. ಅರ್ಧ ಗಂಟೆ ತಣ್ಣಗೆ ಓಡುತ್ತೆ, ಕ್ಯಾಬಿನ್ ಇನ್ನೇನು ಹದಕ್ಕೆ ಬಂತು ಅನ್ನುವಾಗ ಟಪ್ ಅಂತ ನಿಲ್ಲುತ್ತೆ. ಡಿಸ್‌ಪ್ಲೇಯಲ್ಲಿ ಲೋ ವೋಲ್ಟೇಜ್ ಅಂತ ತೋರಿಸುತ್ತೆ. ಎರಡು ನಿಮಿಷಕ್ಕೆ ತಾನೇ ಶುರುವಾಗುತ್ತೆ, ಮತ್ತೆ ನಿಲ್ಲುತ್ತೆ. ಅಂಗಡಿಯವರನ್ನು ಕೇಳಿದರೆ ಸಿದ್ಧ ಉತ್ತರ: ‘ಬ್ಯಾಟರಿ ಹೋಗಿದೆ ಅಣ್ಣ, ಹೊಸ ಜೋಡಿ ಹಾಕ್ಸಿ.’ ಜೋಡಿ ಬ್ಯಾಟರಿ ಅಂದರೆ ಹತ್ತಿರ ಮೂವತ್ತು ಸಾವಿರ. ಹೊಸದು ಹಾಕಿಸಿದವರ ಗಾಡಿಯಲ್ಲೂ ಇದೇ ಹಾಡು.

ಕಾರಣ ವೈರು. ಫಿಟ್ಟಿಂಗ್ ಮಾಡುವವರು ಮನೆ ವೈರಿಂಗಿನ 6 ಸ್ಕ್ವೇರ್ ಎಂಎಂ ವೈರನ್ನೇ ಎಳೆದುಬಿಡ್ತಾರೆ. ಬ್ಯಾಟರಿ ಇರೋದು ಚಾಸಿಸ್ ಪಕ್ಕ, ಎಸಿ ಇರೋದು ಟಾಪ್ ಮೇಲೆ. ಕ್ಯಾಬಿನ್ ಎತ್ತುವ ಹಿಂಜಿನ ಹತ್ತಿರ ಸಡಿಲ ಬಿಟ್ಟು ಸುತ್ತಿಕೊಂಡು ಹೋದರೆ ಒಂದು ಕಡೆಗೆ ಏಳು ಮೀಟರ್, ಹೋಗಿ ಬರೋದು ಹದಿನಾಲ್ಕು. ಕಂಪ್ರೆಸರ್ ಪೂರ್ತಿ ವೇಗದಲ್ಲಿ 35 ಆಂಪಿಯರ್ ಎಳೆಯುತ್ತೆ. ತಾಮ್ರದ ರೆಸಿಸ್ಟೆನ್ಸ್ ಲೆಕ್ಕದಲ್ಲಿ 6 ಎಂಎಂ ವೈರಿನಲ್ಲೇ 1.4 ವೋಲ್ಟ್ ಸೋರಿಹೋಗುತ್ತೆ. 16 ಎಂಎಂ ಆದರೆ ಅರ್ಧ ವೋಲ್ಟ್, 25 ಎಂಎಂ ಆದರೆ 0.34. ಈಗ ನೋಡಿ: ಲೋಡಿನಲ್ಲಿ ಬ್ಯಾಟರಿ ತಲೆಯ ಮೇಲೆ 24.2 ಇದೆ, ಬ್ಯಾಟರಿ ಚೆನ್ನಾಗೇ ಇದೆ. ಮೇಲಿನ ಪೆಟ್ಟಿಗೆಗೆ ಸಿಗೋದು 22.8. ಕಟ್-ಆಫ್, ಅಂದರೆ ಬ್ಯಾಟರಿ ಪೂರ್ತಿ ಇಳಿಯದಂತೆ ಎಸಿ ತಾನೇ ನಿಲ್ಲುವ ವೋಲ್ಟೇಜ್, ಇಟ್ಟಿರೋದು 23ಕ್ಕೆ. ಪೈಪು ಸಣ್ಣದಾದರೆ ಸಂಪು ತುಂಬಿದ್ದರೂ ಮಹಡಿ ನಲ್ಲಿಗೆ ನೀರು ಏರಲ್ಲ, ಹಾಗೆ. ಎಸಿ ನಿಂತ ತಕ್ಷಣ ಕರೆಂಟ್ ಎಳೆತ ನಿಂತು ವೋಲ್ಟೇಜ್ ಮೇಲೇರುತ್ತೆ, ಅದಕ್ಕೇ ಆ ಶುರುವಾಗಿ ನಿಲ್ಲುವ ಆಟ.

ಪರೀಕ್ಷೆಗೆ ನೂರಿನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಎಂಜಿನ್ ಆಫ್, ಎಸಿ 16 ಡಿಗ್ರಿ, ಫ್ಯಾನ್ ಫುಲ್. ಐದು ನಿಮಿಷ ಬಿಟ್ಟು ಮೊದಲು ಬ್ಯಾಟರಿ ಜೋಡಿಯ ಎರಡು ತುದಿಗೆ ಹಿಡಿಯಿರಿ, ಆಮೇಲೆ ಎಸಿಯ ಇನ್‌ಪುಟ್ ಟರ್ಮಿನಲ್ಲಿಗೆ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ತಪ್ಪು ವೈರಿಂಗಿನದು. ಯಾವ ಕಡೆ ಅಂತ ತಿಳಿಯೋಕೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಎಸಿಯ ನೆಗೆಟಿವ್ ಮೇಲೆ. ಅಲ್ಲೇ 0.7, 0.8 ತೋರಿಸಿದರೆ ಆ ಕಡೆಯ ವೈರು ಸಣ್ಣದು, ಇಲ್ಲವೇ ಅರ್ಥಿಂಗನ್ನು ಕ್ಯಾಬಿನ್ ತಗಡಿಗೆ ಕೊಟ್ಟಿದ್ದಾರೆ ಅಂತ ತಿಳಿಯಿರಿ. ಎತ್ತುವ ಕ್ಯಾಬಿನ್ನಿಗೂ ಚಾಸಿಸ್ಸಿಗೂ ನಡುವೆ ಇರೋದು ಒಂದು ಪಟ್ಟಿ. ಅದು ತುಕ್ಕು ಹಿಡಿದು ಕೂತಿರುತ್ತೆ.

ಸರಿಪಡಿಸೋದು ಹೀಗೆ. ಪಾಸಿಟಿವ್, ನೆಗೆಟಿವ್ ಎರಡೂ 25 ಎಂಎಂ ಬಹುಎಳೆ ತಾಮ್ರದ ವೈರು, ಎರಡೂ ಸೀದಾ ಬ್ಯಾಟರಿಗೆ. ವೈರಿನ ತುದಿಗೆ ಹಾಕುವ ಲಗ್ ಅನ್ನು ಪ್ರೆಸ್ಸಿನಲ್ಲೇ ಒತ್ತಿಸಬೇಕು. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಒಂದು ತಿಂಗಳು ಅಲುಗಾಡಿದರೆ ಬಿಸಿಯಾಗೋಕೆ ಶುರು. ಪಾಸಿಟಿವ್ ವೈರಿಗೆ ಬ್ಯಾಟರಿಯಿಂದ ಒಂದಡಿಯೊಳಗೆ 60 ಆಂಪಿಯರ್ ಫ್ಯೂಸು. ಅದನ್ನು ಕ್ಯಾಬಿನ್ ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಹಾಕಿ ‘ಸೇಫ್ಟಿ’ ಅನ್ನುವವರಿದ್ದಾರೆ. ಬ್ಯಾಟರಿಯಿಂದ ಅಲ್ಲಿವರೆಗಿನ ವೈರು ಚಾಸಿಸ್ಸಿಗೆ ಉಜ್ಜಿ ಶಾರ್ಟ್ ಆದರೆ ಆ ಫ್ಯೂಸು ಏನೂ ಮಾಡಲ್ಲ, ಗಾಡಿಗೆ ಬೆಂಕಿ. ವೈರನ್ನು ಎಂಜಿನ್, ಸೈಲೆನ್ಸರ್ ಪಕ್ಕದಿಂದ ಒಯ್ಯಬೇಡಿ. ಹಿಂಜಿನ ಜಾಗದಲ್ಲಿ ಕ್ಯಾಬಿನ್ ಪೂರ್ತಿ ಎತ್ತಿ ನೋಡಿ, ವೈರು ಬಿಗಿಯಾಗಬಾರದು. ಇನ್ನೊಂದು ಕಿತಾಪತಿ: ಸ್ಟೀರಿಯೋಗೆ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿರುತ್ತಾರೆ. ಆ ಬ್ಯಾಟರಿ ಸದಾ ಇಳಿದಿರುತ್ತೆ, ಇನ್ನೊಂದು ಓವರ್ ಚಾರ್ಜ್ ಆಗುತ್ತೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಇಷ್ಟು ಮಾಡಿಸಿದ ಮೇಲೆ ಅದೇ ಪೆಟ್ಟಿಗೆ, ಅದೇ ಬ್ಯಾಟರಿ, ಎರಡೂವರೆಯಿಂದ ಮೂರು ಗಂಟೆ ಓಡುತ್ತೆ. ಬೈದುಕೊಂಡಿದ್ದು ವಾಪಸ್.

ಮೂರು ಗಂಟೆಗಿಂತ ಹೆಚ್ಚು ಆಸೆ ಬೇಡ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟು, ಅಂದರೆ 75 ಎಎಚ್ ಮಾತ್ರ ಬಳಸಬೇಕು, ಉಳಿದದ್ದು ಸೆಲ್ಫ್ ಹೊಡೆಯೋಕೆ. ಕ್ಯಾಬಿನ್ ತಣ್ಣಗಾದ ಮೇಲೆ 27 ಡಿಗ್ರಿಗೆ ಇಟ್ಟರೆ ಎಳೆತ 20 ಆಂಪಿಯರಿಗೆ ಇಳಿಯುತ್ತೆ, 20 ಡಿಗ್ರಿಗೆ ಇಟ್ಟರೆ ಇಳಿಯೋದೇ ಇಲ್ಲ. ‘ಹತ್ತು ಗಂಟೆ ಓಡುತ್ತೆ’ ಅಂತ ಮಾರುವವರು ಮಾಡುವ ಮೋಸ ಒಂದೇ, ಕಟ್-ಆಫ್ ಅನ್ನು 21ಕ್ಕೆ ಇಳಿಸಿಕೊಡೋದು. ಆಗ ಎಸಿ ಓಡುತ್ತೆ, ಬೆಳಿಗ್ಗೆ ಗಾಡಿ ಓಡಲ್ಲ, ವರ್ಷದೊಳಗೆ ಬ್ಯಾಟರಿ ಗುಜರಿಗೆ. 23ರಿಂದ ಕೆಳಗೆ ಇಳಿಸಬೇಡಿ. ರಾತ್ರಿಯಿಡೀ ಬೇಕು ಅಂದರೆ ಪ್ರತ್ಯೇಕ ಲಿಥಿಯಂ ಬ್ಯಾಟರಿ, ಅದಕ್ಕೆ ತನ್ನದೇ ಡಿಸಿ ಚಾರ್ಜರ್ ಬೇಕು. ಹಳೇ ಬ್ಯಾಟರಿಗೇ ಸಮಾನಾಂತರವಾಗಿ ಜೋಡಿಸೋದು ಅಪಾಯ. ಆ ಖರ್ಚಿಗೆ ನಮ್ಮ ಬಾಡಿಗೆ ಹೊಂದಲ್ಲ.

ಹಾಗಾಗಿ ಇರುವ 75 ಎಎಚ್ ಹೇಗೆ ಉಳಿಸೋದು ಅನ್ನೋದೇ ದಿನದ ಕಸುಬು. ಊರು ಇಪ್ಪತ್ತು ನಿಮಿಷ ಇರುವಾಗಲೇ ಟಾಪ್ ಎಸಿ ಆನ್ ಮಾಡಬೇಕು. ಕಾದ ಕ್ಯಾಬಿನ್ನನ್ನು ಇಳಿಸುವ ಆ 35 ಆಂಪಿಯರಿನ ದುಬಾರಿ ಹೊತ್ತನ್ನು ಬ್ಯಾಟರಿ ಬದಲು ಡೈನಮೋ ಹೊತ್ತುಕೊಳ್ಳುತ್ತೆ. ಗೇಟಿನ ಹತ್ತಿರ ಗಾಡಿ ನಿಲ್ಲಿಸುವಾಗ ಆದಷ್ಟು ಮುಂದಿನ ಗಾಜು ಪೂರ್ವಕ್ಕೆ ಇರಲಿ, ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುತ್ತೆ. ಬೆಳ್ಳಿ ಬಣ್ಣದ ಪರದೆ ಗಾಜಿಗೆ ಒತ್ತಿ ಹಾಕಿ, ಸೀಟಿನ ಹಿಂದಿನ ಪರದೆ ಎಳೆದು, ಎಂಜಿನ್ ಉಬ್ಬಿನ ಮೇಲೆ ದಪ್ಪ ಮ್ಯಾಟ್ ಹಾಸಿದರೆ ಕೆಳಗಿನ ಝಳ ಅರ್ಧ ನಿಲ್ಲುತ್ತೆ. ಗಾಡಿ ಮೊದಲೇ ಬಿಸಿಲಲ್ಲಿ ನಿಂತಿದ್ದರೆ ಎರಡೂ ಬಾಗಿಲು ಐದು ನಿಮಿಷ ತೆರೆದಿಟ್ಟು, ಬಿಸಿಗಾಳಿ ಹೊರಗೆ ಹೋದ ಮೇಲೇ ಎಸಿ. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ, ಬುತ್ತಿ, ಕಾಲು ಚಾಚಿಕೊಂಡು ಒಂದು ನಿದ್ದೆ. ತೂಕಡಿಸದೆ ರಾತ್ರಿ ವಾಪಸ್ ಓಡಿಸೋಕೆ ಆಗೋದು ಈ ನಿದ್ದೆಯಿಂದ, ಯಂತ್ರದ ನಿಜವಾದ ಬೆಲೆ ಅಲ್ಲಿದೆ.

ಕಿರಿಕಿರಿಗಳೂ ಇವೆ. ಟಾಪ್ ಮೇಲಿನ ಕಂಡೆನ್ಸರ್ ಜಾಲರಿಗೆ ಸಿಮೆಂಟ್ ಧೂಳು, ಹತ್ತಿ ಎಳೆ ಕೂತರೆ ತಂಪು ಕಡಿಮೆ, ಎಳೆತ ಜಾಸ್ತಿ. ವಾರಕ್ಕೊಮ್ಮೆ ಮೃದು ಬ್ರಷ್, ದೂರದಿಂದ ಗಾಳಿ ಪೈಪು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಹಿಡಿದರೆ ಅಲ್ಯೂಮಿನಿಯಂ ಎಸಳು ಮಡಚಿಹೋಗಿ ಗಾಳಿಯ ದಾರಿಯೇ ಮುಚ್ಚುತ್ತೆ. ಕ್ಯಾಬಿನ್ ಎತ್ತಿ ಇಳಿಸಿದಾಗ ನೀರು ಹೋಗುವ ಸಣ್ಣ ಪೈಪು ಮಡಚಿಕೊಂಡು ತಣ್ಣೀರು ನೇರ ಸೀಟಿಗೆ ತೊಟ್ಟಿಕ್ಕುತ್ತೆ. ಮೂವತ್ತು ಕೆಜಿ ಹತ್ತಿರದ ತೂಕ ಹಂಪಿನಲ್ಲಿ ಕುಣಿಯೋದರಿಂದ ಬೋಲ್ಟುಗಳು ಸಡಿಲಾಗುತ್ತವೆ, ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ಎದ್ದು ಜೂನ್ ಮಳೆ ಒಳಗೆ. ಮಳೆಗಾಲಕ್ಕೆ ಮೊದಲು ಒಮ್ಮೆ ಬಿಗಿ ಮಾಡಿಸಿ.

ಈ ಎಸಿ ಕೈಕೊಡುವ ಜಾಗ ಇನ್ನೊಂದಿದೆ, ಹಿಂದಿನ ಕಂಟೇನರ್. ಮುಚ್ಚಿದ ತಗಡಿನ ಪೆಟ್ಟಿಗೆ ಹೊರಗಿನ ಬಿಸಿಲಿಗಿಂತ ಎಷ್ಟೋ ಹೆಚ್ಚು ಕಾದಿರುತ್ತೆ. ತಂಪಲ್ಲಿ ಕೂತಿದ್ದ ಡ್ರೈವರು, ಕ್ಲೀನರು ಎದ್ದು ಹೋಗಿ ಅಲ್ಲಿ ಹಮಾಲರ ಜೊತೆ ಚೀಲ ಎಣಿಸುತ್ತ ನಿಲ್ತಾರೆ. 2023ರಲ್ಲಿ ಅಮೆರಿಕದ ಟೀಮ್‌ಸ್ಟರ್ಸ್ ಅನ್ನುವ ಕಾರ್ಮಿಕರ ಯೂನಿಯನ್ ಪಾರ್ಸಲ್ ಕಂಪನಿ ಯುಪಿಎಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಹೊಸ ಗಾಡಿಗೆ ಎಸಿ ಮಾತ್ರವಲ್ಲ, ಸರಕಿನ ಭಾಗಕ್ಕೆ ಗಾಳಿಕಿಂಡಿಯನ್ನೂ ಬರೆಸಿಕೊಂಡಿತು. ನಮ್ಮಲ್ಲಿ ಅಷ್ಟಿಲ್ಲದಿದ್ದರೂ, ಬಾಗಿಲು ಹತ್ತು ನಿಮಿಷ ಮೊದಲೇ ತೆರೆದು ಆಮೇಲೆ ಹತ್ತಬಹುದು. ಕೆಲಸದ ಹೊತ್ತಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೆ ಒಂದು ಲೋಟ ನೀರು, ಬೆವರು ಜಾಸ್ತಿಯಾದರೆ ಒಂದು ಲೀಟರಿಗೆ ಒಂದು ದೊಡ್ಡ (ಲೀಟರಿನ ಅಳತೆಯ) ಪ್ಯಾಕೆಟ್ ಒಆರ್‌ಎಸ್. ಅರ್ಧ ಲೀಟರಿಗೆ ಪೂರ್ತಿ ಪ್ಯಾಕೆಟ್ ಸುರಿಯಬೇಡಿ, ಉಪ್ಪು ಹೆಚ್ಚಾಗುತ್ತೆ.

ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ಇಳಿದು ಆ ತಂಪು ಕ್ಯಾಬಿನ್ನಿಗೇ ಬಂದು ಮಲಗಬೇಕು. ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಹೇಳಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಹೀಟ್ ಸ್ಟ್ರೋಕ್. ಮೊದಲು 108ಕ್ಕೆ ಫೋನ್. ಅಂಗಿ ಬಿಚ್ಚಿ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಎಸಿಯಲ್ಲಿ ಮಲಗಿಸಿದೆವು, ಸರಿಹೋಗುತ್ತೆ ಅಂತ ಕಾಯೋದು ಬೇಡವೇ ಬೇಡ.

ಊರೊಳಗೆ ಪಾರ್ಸಲ್ ಹಂಚುವ ಸಣ್ಣ ಗಾಡಿಯವರು ಬೆಲೆ ಕೇಳುತ್ತಿರುತ್ತಾರೆ. 3.5 ಟನ್ ಒಳಗಿನ ಆ ಗಾಡಿಗಳಿಗೆ ಕಡ್ಡಾಯವೂ ಇಲ್ಲ, ಈ ಯಂತ್ರವೂ ಹೊಂದಲ್ಲ. 12 ವೋಲ್ಟಿನಲ್ಲಿ ಅದೇ ತಂಪಿಗೆ ಎರಡರಷ್ಟು ಆಂಪಿಯರ್ ಬೇಕು, ಇರೋದು ಒಂದೇ ಸಣ್ಣ ಬ್ಯಾಟರಿ, ಅರ್ಧ ಗಂಟೆಗೆ ಕಥೆ ಮುಗಿಯುತ್ತೆ. ಅವರಿಗೆ ಸದ್ಯಕ್ಕೆ ಟಾಪಿಗೆ ಒಳಗಿನಿಂದ ಫೋಮ್ ಶೀಟ್, ಹೊರಗಿನಿಂದ ಬಿಳಿ ಬಣ್ಣ, ಎರಡು 12 ವೋಲ್ಟ್ ಫ್ಯಾನ್, ಕುತ್ತಿಗೆಗೆ ಒದ್ದೆ ಟವೆಲ್ ಇಷ್ಟೇ ದಾರಿ. ಮೈಗಿಂತ ಬಿಸಿಯಾದ ಗಾಳಿಯನ್ನು ಒಣ ಮೈಗೆ ಬೀಸಿದರೆ ಫ್ಯಾನ್ ಇನ್ನಷ್ಟು ಕಾಯಿಸುತ್ತೆ, ಟವೆಲ್ ಒಣಗೋಕೆ ಬಿಡಬೇಡಿ.