ಡಾಮಿನಾರ್ 400: ವಾರವೆಲ್ಲ ಮೈಸೂರಿನ ಹೆಬ್ಬಾಳ, ಭಾನುವಾರ ಇಬ್ಬರು ಕೂತು ಊಟಿ

ಆಫೀಸಿಗೂ ಆಗಬೇಕು, ಇಬ್ಬರು ಕೂತು ಘಾಟಿಗೂ ಹೋಗಬೇಕು ಅನ್ನುವವರು ಮೊದಲು ಕೇಳುವುದು ಪವರ್ ಎಷ್ಟು ಅಂತ. ಬಜಾಜ್ ಬೈಕು ಡಾಮಿನಾರ್ 400ರ 373 ಸಿಸಿ ಎಂಜಿನ್‌ಗೆ 40 ಪಿಎಸ್ (ಅಶ್ವಶಕ್ತಿ). ಟ್ರಯಂಫ್ ಸ್ಪೀಡ್ 400, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೂಡ ಅಲ್ಲೇ ಬಂದು ನಿಲ್ಲುತ್ತವೆ. ಹಾಗಾಗಿ ಆ ಪ್ರಶ್ನೆಯಿಂದ ಏನೂ ಇತ್ಯರ್ಥವಾಗುವುದಿಲ್ಲ. ಹಿಂದೆ ಒಬ್ಬರು ಕೂತು, ಬ್ಯಾಗು ಬಿಗಿದು, ಎಂಬತ್ತು ಕೆಜಿ ಸೇರಿದ ಮೇಲೆ ಗಾಡಿ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಬೇಕು.

ಊರೊಳಗೆ ಸ್ಪೀಡ್ 400 ಚುರುಕು: ಹಗುರ, ಸೀಟು ಹಿಮಾಲಯನ್‌ಗಿಂತ ತಗ್ಗು, ಸರ್ವಿಸ್ 16,000 ಕಿಮೀಗೊಮ್ಮೆ. ಹಿಮಾಲಯನ್‌ಗೆ 17 ಲೀಟರ್ ಟ್ಯಾಂಕು ಇದೆ, ಆದರೆ ಸೀಟು 825 ಮಿಮೀ; ಸಿಗ್ನಲ್‌ನಲ್ಲಿ ಹಿಂದಿನವರು ಹತ್ತಿಳಿಯುವಾಗ ಕುಳ್ಳಗಿನ ಸವಾರನಿಗೆ ಗಾಡಿ ಹಿಡಿಯುವುದು ಕಷ್ಟ. ಡಾಮಿನಾರ್ 193 ಕೆಜಿ, ಸೀಟು 800 ಮಿಮೀ. 2021ರಿಂದ ವಿಂಡ್‌ಸ್ಕ್ರೀನ್, ಕ್ಯಾರಿಯರ್, ಹಿಂದೆ ಕೂರುವವರ ಬೆನ್ನಿಗೆ ಒರಗು ಎಲ್ಲ ಗಾಡಿಯ ಜೊತೆಗೇ ಬರುತ್ತವೆ. ನನ್ನ ವೋಟು ಆ ಒರಗಿಗೇ. ಪಿಕಪ್ ಕೊಟ್ಟಾಗ ಹಿಂದಿನವರು ನಿಮ್ಮ ಭುಜಕ್ಕೆ ಜೋತುಬೀಳುವುದಿಲ್ಲ.

ಮೈಸೂರಿನ ದೇವರಾಜ ಮಾರ್ಕೆಟ್ ಸುತ್ತ ಡಾಮಿನಾರ್ ಸುಖದ ಗಾಡಿಯಲ್ಲ. 3,000 ಆರ್‌ಪಿಎಂ ಕೆಳಗೆ ಸಿಂಗಲ್ ಸಿಲಿಂಡರ್ ತಡವರಿಸುತ್ತದೆ. ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ಚೇ ಗತಿ. ರೇಡಿಯೇಟರ್ ಫ್ಯಾನ್ ತಿರುಗಿದರೆ ಮೊಣಕಾಲ ಕೆಳಗೆ ಬಿಸಿ ಬಡಿಯುತ್ತದೆ. ರಿಂಗ್ ರೋಡಿಗೆ ಬಿದ್ದರೆ ಈ ದೂರೆಲ್ಲ ಮಾಯ.

ಬೆಂಗಳೂರು ದಾರಿಯ ಲೆಕ್ಕವೇ ಬೇರೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕ್ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯೇ ಗತಿ: ಹಂಪು, ಅಡ್ಡ ಬರುವ ಕಬ್ಬಿನ ಗಾಡಿ, 50–70ರ ವೇಗ. ನೂರರ ಮೇಲೆ ಎಷ್ಟು ಸಲೀಸಾಗಿ ಓಡುತ್ತದೆ ಅನ್ನುವ ಹೊಗಳಿಕೆಗೆ ಇಲ್ಲಿ ಬೆಲೆಯಿಲ್ಲ. ಮೂರು-ನಾಲ್ಕನೇ ಗೇರಿನ ಎಳೆತ, ಹಿಂದಿನ ಸಸ್ಪೆನ್ಷನ್, ಇವೆರಡನ್ನು ನೋಡಿ.

ಸಸ್ಪೆನ್ಷನ್ ವಿಷಯದಲ್ಲಿ ಬಹಳ ಜನ ಶೋರೂಮಿನ ಸೆಟ್ಟಿಂಗ್‌ನಲ್ಲೇ ವರ್ಷಗಟ್ಟಲೆ ಓಡಿಸುತ್ತಾರೆ. ಇಬ್ಬರು ಕೂತಾಗ ಹೆಡ್‌ಲೈಟು ಮರದ ತುದಿ ತೋರಿಸುತ್ತಿದ್ದರೆ, ತಿರುವಿನಲ್ಲಿ ಹ್ಯಾಂಡಲ್ ಹಗುರಾಗಿ ಗಾಡಿ ಹೊರಗೆ ಸರಿಯುತ್ತಿದ್ದರೆ, ಹಿಂಭಾಗ ಕುಸಿದಿದೆ ಅಂತಲೇ ಅರ್ಥ. ಮೊನೊಶಾಕ್‌ನ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ಪ್ರಿಲೋಡ್ ಕಾಲರನ್ನು, ಅಂದರೆ ಸ್ಪ್ರಿಂಗು ಬಿಗಿಸುವ ಬಳೆಯನ್ನು, ಸಿ-ಸ್ಪ್ಯಾನರಿನಿಂದ ಎರಡು ಮೆಟ್ಟಿಲು ಬಿಗಿ ಮಾಡಿ, ಒಂಟಿ ಸವಾರಿಗೆ ಮತ್ತೆ ಇಳಿಸಿ. ಬಿಗಿಯಾಗಿಯೇ ಬಿಟ್ಟರೆ ಸೋಮವಾರ ಆಫೀಸಿಗೆ ಹೋಗುವಾಗ ಸೊಂಟಕ್ಕೆ ಗೊತ್ತಾಗುತ್ತದೆ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ, ಇಬ್ಬರ ಸವಾರಿಗೆಂದು ಕೈಪಿಡಿ ಹೇಳುವ ಅಳತೆಗೆ ಏರಿಸಬೇಕು. ಭಾರದ ಸಾಮಾನು ಬದಿಯ ಬ್ಯಾಗುಗಳಲ್ಲಿ, ಕೆಳಗೆ ಇರಲಿ. ಹಿಂದಿನ ಕ್ಯಾರಿಯರ್ ಚಕ್ರದ ಅಚ್ಚಿಗಿಂತ ಹಿಂದಿರುವುದರಿಂದ ಅಲ್ಲಿ ಹೇರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಬಲಬದಿಯ ಬ್ಯಾಗು ಸೈಲೆನ್ಸರಿಗೆ ತಾಗದಂತೆ ಸ್ಟೇ (ಬ್ಯಾಗು ತಡೆದು ನಿಲ್ಲಿಸುವ ಕಂಬಿ) ಹಾಕಿಸಿ. ಹಂಪಿನ ಮೇಲೆ ಬ್ಯಾಗು ಕೆಳಗೆ ಬಾಗುತ್ತದೆ, ನಿಂತಾಗ ನೋಡಿದ ಅಂತರ ನಂಬಬೇಡಿ.

ಚೈನನ್ನು 500–700 ಕಿಮೀಗೊಮ್ಮೆ ಮೆತ್ತನೆ ಬ್ರಷ್ಷಿನಿಂದ ಒರೆಸಿ ಎಣ್ಣೆ ಹಾಕಿ. ತಂತಿ ಬ್ರಷ್ಷು ಮುಟ್ಟಿಸಿದರೆ ಒಳಗಿನ ರಬ್ಬರ್ ರಿಂಗು ಹೋಯಿತು. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಚಕ್ರ ತಿರುಗಿಸಿ ಅತಿ ಬಿಗಿ ಇರುವ ಜಾಗದಲ್ಲೇ ಸಡಿಲ ಅಳೆಯಬೇಕು. ಇಬ್ಬರು ಕೂತರೆ ಚೈನು ಇನ್ನಷ್ಟು ಬಿಗಿಯುತ್ತದೆ. ಮೊದಲೇ ಬಿಗಿಯಾಗಿದ್ದರೆ ಏಟು ಬೀಳುವುದು ಗೇರ್‌ಬಾಕ್ಸಿನ ಬೇರಿಂಗಿಗೆ. ಸುಗ್ಗಿಯಲ್ಲಿ ಮಳವಳ್ಳಿ, ನಾಗಮಂಗಲ ಕಡೆ ರಸ್ತೆಯ ಮೇಲೇ ಹುರುಳಿ, ರಾಗಿ ಹರವಿರುತ್ತಾರೆ. ಮೆಲ್ಲಗೆ, ಬ್ರೇಕ್ ಹಿಡಿಯದೆ ದಾಟಿ, ಮುಂದೆ ನಿಲ್ಲಿಸಿ ಗಾಡಿಗೆ ಸಿಕ್ಕಿಕೊಂಡ ಹುಲ್ಲು ಕೀಳಿ. ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಕವರಿನೊಳಗೆ ಬಳ್ಳಿ ಸುತ್ತಿಕೊಂಡರೆ ಆಯಿಲ್ ಸೀಲ್ ಕತ್ತರಿಸುತ್ತದೆ. ಬಿಸಿ ಸೈಲೆನ್ಸರಿಗೆ ಒಣಹುಲ್ಲು ಸಿಕ್ಕರೆ ಹೊಗೆಯೇಳುತ್ತದೆ.

ಊಟಿಗೆ ಮಸಿನಗುಡಿಯಿಂದ ಕಲ್ಲಟ್ಟಿಯ 36 ಹೇರ್‌ಪಿನ್‌ಗಳಲ್ಲಿ ಇಬ್ಬರು ಕೂತು ಹತ್ತುವಾಗ ಕಡಿದಾದ ಕಡೆ ಮೊದಲನೇ ಗೇರೇ. ತಿರುವಿನ ಮಧ್ಯೆ ಎರಡಕ್ಕೆ ಹಾಕಿದರೆ ಎಂಜಿನ್ ನಿಂತುಹೋಗುವ ಅಪಾಯ. ಆ ದಾರಿಯಲ್ಲಿ ಹೊರಗಿನವರಿಗೆ ಇಳಿಯಲು ಬಿಡುವುದಿಲ್ಲ, ವಾಪಸು ಗೂಡಲೂರು ಮೇಲೆ. ಇಳಿಜಾರಿನಲ್ಲಿ ಎರಡನೇ ಗೇರಿನ ಎಂಜಿನ್ ಬ್ರೇಕ್ ಬಳಸಿ. ಒಂದೇ ಸಮ ಡಿಸ್ಕ್ ಒತ್ತುತ್ತಿದ್ದರೆ ದ್ರವ ಕುದಿದು ಲಿವರ್ ಮೆತ್ತಗಾಗುತ್ತದೆ. ಬ್ರೇಕ್ ದ್ರವ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ, ಊಟಿಯಿಂದ ಹೊರಡುವ ಹೊತ್ತನ್ನು ಅದರಿಂದ ಹಿಂದಕ್ಕೆ ಎಣಿಸಿ.

13 ಲೀಟರ್ ಟ್ಯಾಂಕು, ಲೀಟರಿಗೆ 25–30 ಕಿಮೀ. ಸುಮಾರು 300 ಕಿಮೀಗೆ ಬಂಕು ಹುಡುಕಬೇಕು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ 40%, 350ರವರೆಗಿನವಕ್ಕೆ 18%. ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುವವರು ಹೆಚ್ಚು. ನೋಡಲು ಹೋದಾಗ ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ-ಮುಂದೆ ಅಲ್ಲಾಡಿಸಿ: ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಸಡಿಲ. ಫೋರ್ಕ್ ಕೊಳವೆಯ ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದರೆ ಸೀಲ್ ಖರ್ಚು ಬೆಲೆಯಲ್ಲಿ ಮುರಿಸಿಕೊಳ್ಳಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನನ್ನೂ ಸೇರಿಸಿ ಪೂರ್ತಿ ಸೆಟ್ಟೇ ಬದಲಿಸಬೇಕು. ಹಿಂದಿನ ಟೈರು ನಡುವೆ ಚಪ್ಪಟೆಯಾಗಿದ್ದರೆ, ಟೈರಿನ ಗೆರೆ ಉಳಿದಿದ್ದರೂ, ಘಾಟಿಗೆ ಅದು ಬೇಡ: ವಾಲಿಸುವಾಗ ಗಾಡಿ ಮೊದಲು ತಡೆದು, ಆಮೇಲೆ ಒಮ್ಮೆಲೇ ವಾಲಿಬಿಡುತ್ತದೆ.