"ನರ ಮಲಗಿದೆ, ಎಬ್ಬಿಸ್ತೀವಿ" ಅನ್ನುವವರಿಗೆ ದುಡ್ಡು ಕಟ್ಟಬೇಡಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೆ ನಿನ್ನೆ ಒಬ್ಬ ತಂದೆ ಫೋನ್ ಮಾಡಿ, ಮಗನ ಕಣ್ಣಿಗೆಂದು ನಾನು ದುಡ್ಡು ಕಟ್ಟಿ ಮೋಸಹೋದ ಕ್ಲಿನಿಕ್ಕಿನ ಬಗ್ಗೆಯೇ ವಿಚಾರಿಸಿದರು. ಅವರ ಮಗಳಿಗೆ 11 ವರ್ಷ. ಇನ್ನು ಸುಮ್ಮನಿರಲು ಆಗಲ್ಲ.

ನನ್ನ ಮಗ ಸೈಕಲ್‌ನಿಂದ ಬಿದ್ದ. ಎಡಹುಬ್ಬಿಗೆ ನಾಲ್ಕು ಹೊಲಿಗೆ, ಅಷ್ಟೇ. ಕಣ್ಣು ಕೆಂಪಾಗಿರಲೂ ಇಲ್ಲ. ಹತ್ತು ದಿನದ ಮೇಲೆ ಬಲಗಣ್ಣು ಉಜ್ಜಿಕೊಳ್ಳುತ್ತಾ "ಅಪ್ಪಾ, ಕರೆಂಟ್ ಹೋಯ್ತಾ?" ಎಂದ. ದೀಪ ಉರಿಯುತ್ತಲೇ ಇತ್ತು. ತೆರೆದಿದ್ದ ಎಡಗಣ್ಣಿಗೆ ಕಾಣುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಟಾರ್ಚನ್ನು ಆ ಕಣ್ಣಿಗೊಮ್ಮೆ ಈ ಕಣ್ಣಿಗೊಮ್ಮೆ ಬಿಟ್ಟು ನೋಡಿದರು. ಎಡಗಣ್ಣಿಗೆ ಬೆಳಕು ಬಂದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತಿತ್ತು. ಹುಬ್ಬಿನ ಏಟು ಮೂಳೆಗುಂಟ ಹೋಗಿ ಕಣ್ಣಿನ ಹಿಂದಿನ ನರಕ್ಕೆ ಪೆಟ್ಟು ಮಾಡಿದೆ ಎಂದರು. ಹತ್ತು ಲಕ್ಷದಷ್ಟು ಎಳೆಗಳ ನರವಂತೆ, ಸತ್ತ ಎಳೆ ಮತ್ತೆ ಬೆಳೆಯಲ್ಲವಂತೆ. ಸ್ಟೆರಾಯ್ಡ್ ಆಗಲಿ ಆಪರೇಷನ್ ಆಗಲಿ, ಏನೂ ಮಾಡದೆ ಇರುವುದಕ್ಕಿಂತ ಮೇಲು ಅಂತ 1999ರ ದೊಡ್ಡ ಅಧ್ಯಯನದಲ್ಲೂ ಕಂಡುಬರಲಿಲ್ಲ ಎಂದು ಬಿಡಿಸಿ ಹೇಳಿದರು. ನಾನು ಅವರ ಮೇಲೇ ಸಿಟ್ಟು ಮಾಡಿಕೊಂಡು ಎದ್ದು ಬಂದೆ.

ಆಮೇಲೆ ಬೆಂಗಳೂರಿನ ಆ ಸ್ಟೆಮ್ ಸೆಲ್ ಕ್ಲಿನಿಕ್. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. "ನರ ಸತ್ತಿಲ್ಲ ಸರ್, ಮಲಗಿದೆ. ಎಬ್ಬಿಸೋಣ." ಮಲಗಿದೆ! ಆ ಒಂದು ಮಾತಿಗೆ ಬಿದ್ದುಹೋದೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಬೆನ್ನಿಗೆ ಇಂಜೆಕ್ಷನ್, ಮೂರು ಸಲ. ಒಟ್ಟು 3,40,000 ರೂಪಾಯಿ, ಪೂರ್ತಿ ಮೊದಲೇ ಕಟ್ಟಿಸಿಕೊಂಡರು. ಸೊಸೈಟಿ ಸಾಲ, ಹೆಂಡತಿಯ ಬಳೆ.

ಎರಡನೇ ಇಂಜೆಕ್ಷನ್ ಆದಮೇಲೆ "ಎಡಗಣ್ಣಲ್ಲಿ ನಾಲ್ಕು ಸಾಲು ಓದಿದ" ಅಂತ ರಿಪೋರ್ಟ್ ಕೊಟ್ಟರು. ಅಲ್ಲೇ ಅತ್ತುಬಿಟ್ಟೆ. ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಮನೆಗೆ ಬಂದು, ಹೆಂಡತಿಗೆ ತೋರಿಸೋಣ ಅಂತ ಅವನ ಬಲಗಣ್ಣಿಗೆ ಹತ್ತಿ ಇಟ್ಟು ಪ್ಲಾಸ್ಟರ್ ಅಂಟಿಸಿದೆ. ಮುಖದ ಮುಂದೆ ಕೈ ಹಿಡಿದೆ. ಎಷ್ಟು ಬೆರಳು? ಸುಮ್ಮನೆ ನಿಂತ. ಮತ್ತೆ ಕೇಳಿದೆ. "ಅಲ್ಲಿ ಕೈಯಲ್ಲಿ ಕಣ್ಣು ಮುಚ್ಕೋ ಅಂದ್ರು. ಬೆರಳ ಸಂದಿಯಿಂದ ನೋಡ್ಬಿಟ್ಟೆ ಅಪ್ಪಾ. ನಿಂಗೆ ಖುಷಿ ಆಗ್ಲಿ ಅಂತ."

ಮಗುವಿನದೇನು ತಪ್ಪು? ಕಣ್ಣು ಸರಿಯಾಗಿ ಮುಚ್ಚಿಸದೆ ರಿಪೋರ್ಟ್ ಬರೆದವರು ಯಾರು?

ಫೋನ್ ಮಾಡಿದೆ. "ಮನೆಯಲ್ಲಿ ಟೆಸ್ಟ್ ಮಾಡಬೇಡಿ ಸರ್, ಮಗುಗೆ ಟೆನ್ಷನ್ ಆಗತ್ತೆ." ಮತ್ತೆ ಮಾಡಿದೆ. "ಮೂರನೇ ಡೋಸ್ ಆದ್ಮೇಲೆ ನೋಡಿ." ದುಡ್ಡು ವಾಪಸ್ ಕೇಳಿದೆ. "ಇದು ಟ್ರಯಲ್, ಗ್ಯಾರಂಟಿ ಇಲ್ಲ ಅಂತ ನೀವೇ ಸಹಿ ಹಾಕಿದೀರಲ್ಲ."

ಟ್ರಯಲ್ ಆದರೆ ದುಡ್ಡು ಯಾಕೆ ತಗೊಂಡಿರಿ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಆಮೇಲೆ ಓದಿದೆ. ಕೆಲವು ರಕ್ತದ ಕಾಯಿಲೆಗಳು ಮತ್ತು ಅಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ಲನ್ನು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಒಪ್ಪಿಗೆ ಪಡೆದ ಟ್ರಯಲ್ ಮಾತ್ರ ನಡೆಸಬಹುದು, ಅದಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಇದನ್ನು ಹೇಳಿದ ದಿನದಿಂದ ಫೋನ್ ಎತ್ತುತ್ತಿಲ್ಲ.

ಟ್ರಯಲ್ ಅಂದರೆ ಸಿಟಿಆರ್‌ಐ (ದೇಶದ ವೈದ್ಯಕೀಯ ಟ್ರಯಲ್‌ಗಳ ನೋಂದಣಿ) ನಂಬರ್ ಕೇಳಿ. ದುಡ್ಡು ಕೇಳಿದರೆ ಎದ್ದು ಬನ್ನಿ. ಮಕ್ಕಳ ಹುಬ್ಬಿಗೆ, ಹಣೆಗೆ ಏಟು ಬಿದ್ದರೆ ಅದೇ ದಿನ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ, ಡಾಕ್ಟರಿಗೂ ತೋರಿಸಿ. ಒಂದು ಕಣ್ಣು ಚೆನ್ನಾಗಿದ್ದರೆ ಮಕ್ಕಳಿಗೇ ಗೊತ್ತಾಗಲ್ಲ. ಮುಚ್ಚುವಾಗ ಕೈಯಲ್ಲಿ ಬೇಡ, ಹತ್ತಿ ಇಟ್ಟು ಮುಚ್ಚಿ.

ಉಳಿದ ಕಣ್ಣಿನ ರಕ್ಷಣೆಗೆ ಅವನಿಗೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಲೆನ್ಸಿನ ಕನ್ನಡಕ ಮೊನ್ನೆ ಮಾಡಿಸಿದೆ. ಸರ್ಕಾರಿ ಡಾಕ್ಟರ್ ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಟ್ಟಿದ್ದು ಅದೊಂದೇ.